ಗುಡ್ಡ ಹತ್ತಿದ್ದಕ್ಕೆ ವಿಭೂತಿಯೇ ಸಾಕ್ಷಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ದೂರು ಬರೆದವನು ನಾನೇ. ಗೆರೆ ಹಾಕಿದ ಹಾಳೆಯ ಎರಡೂ ಮಗ್ಗುಲು ತುಂಬಿಸಿ, ಕೊನೆಗೆ ‘ತಮ್ಮ ವಿಧೇಯ’ ಎಂದು ಸಹಿ ಹಾಕಿ, ಒಬ್ಬ ಮನುಷ್ಯ ಗುಡ್ಡ ಹತ್ತದೆಯೇ ಹತ್ತಿದೆನೆಂದು ಹೇಳಿ ಮೊದಲ ಸ್ಥಾನ ಹೊಡೆದುಕೊಂಡಿದ್ದಾನೆ ಎಂದು ಬರೆದೆ. ಅವನು ಮೋಸ ಮಾಡಿದ್ದನ್ನು ನೋಡಿದ್ದೆನೆ? ಇಲ್ಲ. ಅವನನ್ನು ಗುಡ್ಡದ ಮೇಲೆ ನೋಡಲಿಲ್ಲ ಎನ್ನುವುದೇ ನನ್ನ ಸಾಕ್ಷ್ಯವಾಗಿತ್ತು. ಯಾಕೆ ನೋಡಲಿಲ್ಲ ಎಂದರೆ, ಅದಕ್ಕೆ ಕಾರಣ ನನ್ನ ಬಾಯಿ. ಅದನ್ನು ಮುಚ್ಚಿಕೊಂಡು ಓಡಿದ್ದರೆ ಇದನ್ನೆಲ್ಲ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಮನೆ ರಾಜಾಜಿನಗರದಲ್ಲಿ. ಬೆಳಿಗ್ಗೆ ಟೈಪಿಂಗ್ ಕ್ಲಾಸು, ಸಂಜೆ ಕಾಲೇಜಿನಲ್ಲಿ ಬಿ.ಕಾಂ., ನಡುವೆ ಸಿಕ್ಕ ಸಮಯದಲ್ಲೆಲ್ಲ ಮಿಮಿಕ್ರಿ. ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ಟೀ ಕುಡಿಯಲು ಎದ್ದರೆ ಮೈಕು ನನ್ನ ಕೈಗೆ ಬರುತ್ತಿತ್ತು. ಬಸ್ಸಿನ ಕಂಡಕ್ಟರು, ಸೀಮೆಎಣ್ಣೆ ಅಂಗಡಿಯವನು, ನಲ್ಲಿಯಲ್ಲಿ ನೀರು ಬಂದಾಗ ಪಕ್ಕದ ಮನೆ ಆಂಟಿ ಇಡೀ ಬೀದಿಯನ್ನು ಎಬ್ಬಿಸುವ ರೀತಿ, ಸೀನುವ ಮೊದಲು ನಮ್ಮಪ್ಪ ಮಾಡಿಕೊಳ್ಳುವ ಸಿದ್ಧತೆ, ಎಲ್ಲವೂ ನನ್ನ ಬಳಿ ಇದ್ದವು. ನನ್ನನ್ನೂ ನಾನು ಬಿಡುತ್ತಿರಲಿಲ್ಲ. ಹುಡುಗಿಯರು ಎದುರಿಗೆ ಬಂದಾಗ ನಾನು ಧ್ವನಿ ದಪ್ಪ ಮಾಡಿಕೊಳ್ಳುವುದನ್ನು ನಾನೇ ಮಾಡಿ ತೋರಿಸುತ್ತಿದ್ದೆ. ಹೆಚ್ಚು ಚಪ್ಪಾಳೆ ಬೀಳುತ್ತಿದ್ದದ್ದು ಅದಕ್ಕೇ.

ಮಿಮಿಕ್ರಿ ಮಾಡುವವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಯಾರು ಏನು ಮಾಡಿದರೂ ಅವನಿಗೆ ನಟನೆಯಂತೆ ಕಾಣುತ್ತದೆ. ಯಾರಾದರೂ ವಿನಯದಿಂದ ಮಾತನಾಡಿದರೆ ಇವನು ಎಲ್ಲಿ ಕಲಿತ ಇದನ್ನು ಎನ್ನಿಸುತ್ತದೆ.

ನಮ್ಮ ಬಡಾವಣೆಯ ವ್ಯಾಯಾಮ ಸಂಘಕ್ಕೆ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು ಕಾರ್ಯದರ್ಶಿ. ಕೊರಳಿನಿಂದ ಸೀಟಿ ಇನ್ನೂ ಇಳಿದಿರಲಿಲ್ಲ. ಅವರು ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಟ್ರಯಥ್ಲಾನ್ ಎಂಬುದರ ಬಗ್ಗೆ ಓದಿ, ನಮ್ಮನ್ನೆಲ್ಲ ಸಂಘದ ಕೋಣೆಗೆ ಕರೆಸಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆದರು.

“ಕೆಂಗೇರಿ ಕೆರೇಲಿ ಈಜೋದು. ಅಲ್ಲಿಂದ ಸೈಕಲ್ಲು, ಮೈಸೂರು ರಸ್ತೆ ಹಿಡ್ಕೊಂಡು ಹೋಗಿ ಎಡಕ್ಕೆ ತಿರುಗೋದು, ಅಲ್ಲಿಂದ ಬರೀ ಏರು ಇಳಿವು. ಗುಡ್ಡದ ಕೆಳಗಿರೋ ಊರಿನ ಸ್ಕೂಲ್ ಹತ್ರ ಸೈಕಲ್ ಬಿಸಾಕೋದು. ಅಲ್ಲಿಂದ ಓಟ. ಗುಡ್ಡ ಹತ್ತಿ, ಈಶ್ವರನ ಗುಡಿ ಮುಟ್ಟಿ, ವಾಪಸ್ ಸ್ಕೂಲಿಗೆ ಬರೋದು. ಮಧ್ಯೆ ಕಾಫಿ ಇಲ್ಲ.”

“ಗುಡಿ ಮುಟ್ಟಿದ್ದು ಹೇಗೆ ಗೊತ್ತಾಗುತ್ತೆ ಸಾರ್?” ಎಂದು ನಾನೇ ಕೇಳಿದೆ. ನನ್ನ ಅನುಮಾನ ಆಗಲೇ ಕೆಲಸ ಶುರು ಮಾಡಿತ್ತು. “ಮೇಲೊಬ್ಬರು ನಿಂತು ಕೈಗೆ ಸೀಲು ಒತ್ತಲಿ.”

“ಸೀಲನ್ನ ಆಲೂಗಡ್ಡೇಲಿ ಕೆತ್ತುತಾರೆ ಕಣಯ್ಯಾ. ಮೂವತ್ತು ವರ್ಷ ಪ್ರೋಗ್ರೆಸ್ ರಿಪೋರ್ಟ್ ನೋಡಿದೀನಿ ನಾನು” ಎಂದರು ಮೇಷ್ಟ್ರು. “ಗುಡೀಲಿ ಅಯ್ನೋರು ಇರ್ತಾರೆ. ಬಂದೋರಿಗೆಲ್ಲ ಹಣೆಗೆ ವಿಭೂತಿ ಇಡ್ತಾರೆ. ದೇವರ ವಿಭೂತೀನ ಯಾರಯ್ಯಾ ಫೋರ್ಜರಿ ಮಾಡ್ತಾರೆ?”

“ಮನೇಲೇ ಇಟ್ಕೊಂಡು ಬಂದ್ರೆ?”

“ಕೆರೇಲಿ ಮುಳುಗಿ ಎದ್ದ ಮೇಲೆ ಯಾರ ಹಣೇಲಿ ಏನಿರುತ್ತೆ? ಎಲ್ಲಾ ಬೋಳು. ಆಮೇಲೆ ವಿಭೂತಿ ಇದ್ರೆ ಅದು ಗುಡೀದೇ.”

ಕೋಣೆಯಲ್ಲಿದ್ದವರೆಲ್ಲ ಭಲೇ ಎಂದರು. ಬೆವರು ಎಂಬುದೊಂದಿದೆ, ಅದು ಹಣೆಯಲ್ಲೇ ಹುಟ್ಟುತ್ತದೆ ಎನ್ನುವುದು ಮೂವತ್ತು ವರ್ಷ ಮಕ್ಕಳನ್ನು ಓಡಿಸಿದ ಮೇಷ್ಟ್ರಿಗೂ ಹೊಳೆಯಲಿಲ್ಲ, ಭಲೇ ಎಂದ ನಮಗೂ ಹೊಳೆಯಲಿಲ್ಲ. ವಿಭೂತಿಯ ಗಟ್ಟಿಯನ್ನು ದಿನವೂ ಚೀಲದಲ್ಲಿಟ್ಟುಕೊಂಡು ಓಡಾಡುವವರು ನಮ್ಮಲ್ಲೇ ಎಷ್ಟೋ ಜನ ಇದ್ದರು ಎನ್ನುವುದೂ.

ಅಂಥವರಲ್ಲಿ ಅವನೊಬ್ಬ. ಧಾರವಾಡದ ಕಡೆಯವನು. ಅತ್ತಿಗುಪ್ಪೆಯಲ್ಲಿ ತನ್ನ ಊರಿನವರ ಜೊತೆ ಒಂದು ಕೋಣೆಯಲ್ಲಿದ್ದ. ಒಂದು ಕಾರ್ಖಾನೆಯಲ್ಲಿ ಬದಲಿ ಕೆಲಸ, ಅಂದರೆ ಕಾಯಂ ನೌಕರ ಯಾರಾದರೂ ರಜೆ ಹಾಕಿದ ದಿನ ಮಾತ್ರ ಕರೆ. ದಿನವೂ ಬೆಳಿಗ್ಗೆ ಗೇಟಿನ ಮುಂದೆ ನಿಂತು, ಯಾರಿಗಾದರೂ ಜ್ವರ ಬಂದಿದೆಯೇ ಎಂದು ಕಾಯುವ ಕೆಲಸ ಅದು. ಮಹಾಲಕ್ಷ್ಮಿ ಲೇಔಟಿನ ಏರಿನಲ್ಲಿ ನಾನು ಸೈಕಲ್ ಇಳಿದು ಏದುಸಿರು ಬಿಡುತ್ತ ನಿಂತಿದ್ದಾಗ ಅವನು ಕ್ಯಾರಿಯರ್ ಇರುವ ಮಾಮೂಲಿ ಸೈಕಲ್ಲಿನಲ್ಲಿ ಏರಿ ಬಂದು, ಪಕ್ಕದಲ್ಲಿ ನಿಲ್ಲಿಸಿ, “ನೀರು ಬೇಕೇನ್ರೀ ಸರ?” ಎಂದು ಕೇಳಿದ. ನಮ್ಮ ಪರಿಚಯವಾದದ್ದು ಹಾಗೆ. ಹಣೆಯಲ್ಲಿ ಮೂರು ಗೆರೆ, ಸ್ಕೇಲು ಇಟ್ಟು ಎಳೆದಂತೆ.

“ನೀವೂ ರೇಸಿಗೆ ಬರ್ತಿದೀರಾ?” ಎಂದೆ.

“ಬರಾಕs ಬೇಕ್ರೀ. ಸ್ಪೋರ್ಟ್ಸ್ ಕೋಟಾದಾಗ ಒಂದ್ ಕಾಯಂ ಜಾಗ ಐತ್ರಿ. ಮೊದಲನೇ ನಂಬರಿನ ಸರ್ಟಿಫಿಕೇಟ್ ಒಂದರ ಇದ್ರ ತಗೊಂಬಾ ಅಂದಾರ. ಮಂಗಳವಾರ ಕಡೀ ದಿನ. ರೇಸು ಐತವಾರ. ನೋಡ್ರಿ, ನಡೂವ ಒಂದs ದಿನ.”

“ಎರಡನೇ ನಂಬರ್ ಬಂದ್ರೆ?”

“ಮತ್ತ ಗೇಟಿನ ಮುಂದ ನಿಲ್ಲೂದ್ರಿ. ಇಲ್ಲಾ ಊರು.”

ಇಷ್ಟನ್ನೂ ನಗುತ್ತಲೇ ಹೇಳಿದ. ನನ್ನ ಜಾಗದಲ್ಲಿ ಬೇರೆ ಯಾರಿದ್ದರೂ ಅವರಿಗೆ ಕನಿಕರ ಹುಟ್ಟುತ್ತಿತ್ತು. ನನಗೆ ಹುಟ್ಟಿದ್ದು ಲೆಕ್ಕಾಚಾರ: ಇಷ್ಟು ಬೇಕಾಗಿರುವವನು ಏನನ್ನಾದರೂ ಮಾಡಿಯಾನು. ನನಗೆ ಬೇಕಾಗಿದ್ದದ್ದು ಬಹುಮಾನದ ಒಂದು ಕಪ್ಪು, ಅಷ್ಟೆ. ಅದನ್ನು ಟೀವಿಯ ಮೇಲಿಟ್ಟು, ನಮ್ಮ ಬೀದಿಯಲ್ಲಿ ನನ್ನನ್ನು ಬರೀ ಬಾಯಿ ಎನ್ನುವವರಿಗೆ ತೋರಿಸಬೇಕಾಗಿತ್ತು. ಸಂಜೆ ಗೆಳೆಯರ ಮುಂದೆ ಅವನ ‘ನೀರು ಬೇಕೇನ್ರೀ ಸರ’ವನ್ನು ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ಬಾಗಿದ ಹ್ಯಾಂಡಲಿನ ರೇಸ್ ಸೈಕಲ್ಲನ್ನು ನನಗೆ ಎರವಲು ಕೊಟ್ಟಿದ್ದ ಗೆಳೆಯ ಮಾತ್ರ ಹೇಳಿದ:

“ಮಗಾ, ಅವನು ಹಳೇ ಸೈಕಲ್ಲಲ್ಲಿ ಏರು ಹತ್ತಿ ಬಂದು ನಿಂಗೆ ನೀರು ಕೊಟ್ಟಿದಾನೆ. ನೀನು ಅವನ ವಾಯ್ಸ್ ಮಾಡ್ತಾ ಇದೀಯ. ಆದ್ರೆ ಅವನ ಕಾಲು ಮಾಡು ಗುರು.”

ಭಾನುವಾರ ಬೆಳಿಗ್ಗೆ ಕೆರೆಯ ಏರಿಯ ಮೇಲೆ ಮೂವತ್ತು ಜನ ಚಡ್ಡಿಯಲ್ಲಿ ನಡುಗುತ್ತ ನಿಂತಿದ್ದೆವು. ಮೇಷ್ಟ್ರು ಒಬ್ಬೊಬ್ಬರ ಹಣೆಯನ್ನೂ ಟವೆಲಿನಿಂದ ಒರೆಸುತ್ತ ಬಂದರು. ನಾನು ಅವನ ಸೈಕಲ್ಲಿನ ಮೇಲೆ ಕಣ್ಣಿಟ್ಟಿದ್ದೆ. ಕ್ಯಾರಿಯರ್ ಬಿಚ್ಚಿರಲಿಲ್ಲ; ಅದಕ್ಕೆ ಒಂದು ಬಟ್ಟೆಯ ಚೀಲ ಸಿಕ್ಕಿಸಿತ್ತು. ರೇಸಿಗೆ ಚೀಲ ಯಾಕೆ?

“ಏನಿದೆ ಚೀಲದಲ್ಲಿ?” ಎಂದೆ, ತಮಾಷೆಯ ಧ್ವನಿಯಲ್ಲಿ.

“ರೊಟ್ಟಿ ಅದಾವ್ರೀ. ಮುಗದ ಮ್ಯಾಲ ತಿನ್ನಾಕ. ನಿಮಗೂ ಕೊಡ್ತೀನಿ.”

ಇಷ್ಟು ಸಲೀಸಾಗಿ ಉತ್ತರ ಬಂದರೆ ನನಗೆ ನಂಬಿಕೆ ಬರುವುದಿಲ್ಲ.

ಮೇಷ್ಟ್ರು ಸೀಟಿ ಊದಿದರು. ಕೆರೆಯ ನೀರು ಮಂಜಿನಂತಿತ್ತು. ಟ್ರಾಕ್ಟರ್ ಟ್ಯೂಬು ತೇಲಿಬಿಟ್ಟಿದ್ದ ಕಡೆ ತಿರುಗಿ ಬರಬೇಕಾಗಿತ್ತು. ನಾನು ಈಜುವುದು ಚೆನ್ನ. ಬಾಯಿ ಮುಚ್ಚಿಕೊಂಡಿರಬೇಕಾದ ಒಂದೇ ಆಟ ಅದು ಎಂದು ಅಮ್ಮ ಹೇಳುತ್ತಿದ್ದಳು. ಮೊದಲಿಗನಾಗಿ ಎದ್ದೆ. ಸೈಕಲ್ ಹತ್ತುವಾಗ ಹಿಂತಿರುಗಿ ನೋಡಿದರೆ ಅವನಿನ್ನೂ ಟ್ಯೂಬಿನ ಹತ್ತಿರ, ತಲೆ ಮೇಲೆತ್ತಿಕೊಂಡು ಎಮ್ಮೆಯಂತೆ ಈಜುತ್ತಿದ್ದ.

ಮೈಸೂರು ರಸ್ತೆಯಲ್ಲಿ ಆಲದ ಮರಗಳ ಕೆಳಗೆ ಹಾರಿದಂತೆ ಹೋದೆ. ಎಡಕ್ಕೆ ತಿರುಗಿದ ಮೇಲೆ ಹಾರಾಟ ಮುಗಿಯಿತು. ಒಂದು ಏರು ಮುಗಿಸಿ ಅಬ್ಬಾ ಎನ್ನುವಷ್ಟರಲ್ಲಿ ಇಳಿಜಾರು, ಇಳಿಜಾರಿನ ತುದಿಯಲ್ಲಿ ಮೊದಲಿಗಿಂತ ದೊಡ್ಡ ಏರು. ತೊಡೆಗಳು ಬೆಂದ ಗೆಣಸಿನಂತಾಗಿದ್ದವು. ಏರಿನ ನೆತ್ತಿಯಲ್ಲೆಲ್ಲ ಹಿಂತಿರುಗಿ ನೋಡುತ್ತಿದ್ದೆ. ಪ್ರತಿ ಸಲವೂ ಅವನು ಹಿಂದಿನ ಏರಿನಲ್ಲಿ ಸೀಟಿನಿಂದ ಎದ್ದು ನಿಂತು ತುಳಿಯುತ್ತಿರುವುದು ಕಾಣುತ್ತಿತ್ತು. ದೂರ ಕಡಿಮೆಯಾಗುತ್ತಲೇ ಇತ್ತು. ಹಾಲಿನ ವ್ಯಾನು ಹಿಡಿದುಕೊಂಡು ಬರುತ್ತಿದ್ದಾನೆಯೇ ಎಂದು ನೋಡಿದೆ. ಆ ರಸ್ತೆಯಲ್ಲಿ ಹಾಲಿನ ವ್ಯಾನೂ ಇರಲಿಲ್ಲ, ಎತ್ತಿನ ಗಾಡಿಯೂ ಇರಲಿಲ್ಲ.

ಸ್ಕೂಲಿನ ಹತ್ತಿರ ಸೈಕಲ್ ಒಗೆದು ಓಡಿದೆ. ಆಗಲೂ ನಾನೇ ಮೊದಲು. ಗುಡ್ಡದ ಮೆಟ್ಟಿಲುಗಳು ದೊಡ್ಡ ದೊಡ್ಡ ಬಂಡೆಗಳನ್ನು ಸುತ್ತಿಕೊಂಡು ಹೋಗುತ್ತವೆ. ಹತ್ತು ಮೆಟ್ಟಿಲಿನ ಆಚೆ ಮುಂದಿನವರೂ ಕಾಣುವುದಿಲ್ಲ, ಹಿಂದಿನವರೂ ಕಾಣುವುದಿಲ್ಲ. ಅರ್ಧಕ್ಕೆ ಓಟ ನಡಿಗೆಯಾಯಿತು, ಮುಕ್ಕಾಲಿಗೆ ನಡಿಗೆ ತೆವಳಾಟವಾಯಿತು. ಮೊಣಕಾಲಿಗೆ ಕೈ ಕೊಟ್ಟು ಒಂದೊಂದೇ ಮೆಟ್ಟಿಲು ತಳ್ಳುತ್ತ ಮೇಲೆ ಬಂದೆ.

ಗುಡಿಯ ಮುಂದೆ ಅಯ್ಯನವರು ತಟ್ಟೆ ಹಿಡಿದು ನಿಂತಿದ್ದರು. ಎಪ್ಪತ್ತರ ಆಸುಪಾಸು, ಸಣಕಲು, ಧ್ವನಿ ಮಾತ್ರ ಒಳಗೊಂದು ಪೀಪಾಯಿ ಇಟ್ಟುಕೊಂಡಂತೆ. ನನ್ನ ಹಣೆಗೆ ಚಿಟಿಕೆ ವಿಭೂತಿ ಒತ್ತಿ, ಕಣ್ಣು ಮುಚ್ಚಿ, ಮೂಗಿನಿಂದ ಮಂತ್ರ ಎಳೆದು, ಕೊನೆಗೆ “ಒಳ್ಳೇದಾಗ್ಲಿ ಓಗು” ಎಂದರು. ಆ ಎಳೆತ ಕೇಳಿ ನನ್ನ ದಣಿವು ಎಲ್ಲಿಗೋ ಹೋಯಿತು. ಅಂಥ ಧ್ವನಿ ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಪಕ್ಕದಲ್ಲಿ ಹರಕೆಗೆ ಬಂದಿದ್ದ ಹಳ್ಳಿಯ ಹೆಂಗಸರು ನಾಲ್ಕೈದು ಜನ ಕೂತಿದ್ದರು. ಅವರ ಕಡೆ ತಿರುಗಿ, ಮೆಟ್ಟಿಲಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ಅದನ್ನೇ ಮಾಡಿದೆ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಇನ್ನೊಂದ್ ಕಿತ ಮಾಡಪ್ಪಾ” ಎಂದಳು ಒಬ್ಬಳು. ಮಾಡಿದೆ. ಅರ್ಧ ನಿಮಿಷವಾಗಿದ್ದರೆ ಹೆಚ್ಚು ಎಂದುಕೊಂಡು ಇಳಿಯತೊಡಗಿದೆ.

ಇಳಿಯುವಾಗ ನನ್ನೆದುರು ಹತ್ತಿ ಬಂದವನು ಒಬ್ಬನೇ, ಬಿನ್ನಿಪೇಟೆಯ ಒಬ್ಬ ಪೈಲ್ವಾನ. ಅವನು ನನ್ನನ್ನೂ ನೋಡಲಿಲ್ಲ, ಮೆಟ್ಟಿಲನ್ನೇ ಎಣಿಸುತ್ತಿದ್ದ. ಬದಲಿಯವನು ಎದುರಿಗೆ ಬರಲಿಲ್ಲ. ಸೈಕಲ್ ಕೈಕೊಟ್ಟಿರಬೇಕು ಎಂದು ಖುಷಿಪಟ್ಟೆ. ಕೊನೆಯ ಹಾದಿಯಲ್ಲಿ ನನ್ನ ಓಟವನ್ನು ನಾನೇ ವರ್ಣಿಸುತ್ತ, ರೇಡಿಯೋದವರ ಧ್ವನಿಯಲ್ಲಿ, ಸ್ಕೂಲಿನ ಬಯಲಿಗೆ ನುಗ್ಗಿದೆ.

ಅಲ್ಲಿ ಅವನು ಬೇವಿನ ಮರದ ಕೆಳಗೆ ಕೂತು ಮಜ್ಜಿಗೆ ಕುಡಿಯುತ್ತಿದ್ದ. ಹಣೆಯ ಮೇಲೆ ಮೂರು ಗೆರೆ, ಸ್ಕೇಲು ಇಟ್ಟು ಎಳೆದಂತೆ.

ಮೇಷ್ಟ್ರು ನನ್ನ ಹಣೆಯ ಹತ್ತಿರ ಕನ್ನಡಕ ತಂದರು. ನನ್ನ ವಿಭೂತಿಯೆಲ್ಲ ಬೆವರಿನಲ್ಲಿ ಇಳಿದು ಗಲ್ಲಕ್ಕೆ ಬಂದಿತ್ತು. “ಏನಯ್ಯಾ, ಗುಡಿಗೆ ಹೋಗಿದ್ಯೋ ಇಲ್ವೋ?” ಎಂದರು. ಆ ಪ್ರಶ್ನೆಯನ್ನು ನನಗೆ ಕೇಳುತ್ತಿದ್ದಾರೆ, ಅವನಿಗಲ್ಲ. ಅಷ್ಟು ಸಾಕಾಗಿತ್ತು.

ಅಂದು ಸಂಜೆಯೇ ದೂರು ಬರೆದೆ. ಮೆಟ್ಟಿಲ ಮೇಲೆ ನನ್ನನ್ನು ಯಾರೂ ದಾಟಲಿಲ್ಲ. ಆದ್ದರಿಂದ ಅವನು ಅರ್ಧ ದಾರಿಯಲ್ಲಿ ಬಂಡೆಯ ಮರೆಗೆ ಕೂತು, ತನ್ನ ಗಟ್ಟಿಯಿಂದಲೇ ವಿಭೂತಿ ಹಚ್ಚಿಕೊಂಡು ಇಳಿದಿದ್ದಾನೆ. ನಿಜವಾಗಿ ಓಡಿದವನ ಹಣೆ ನನ್ನ ಹಣೆಯಂತಿರಬೇಕು. ಇವನದು ಮದುವೆಗೆ ಹೊರಟವನ ಹಣೆ. ಚೀಲದ ವಿಚಾರವನ್ನೂ ಸೇರಿಸಿದೆ. ಓದಿದ ಮೇಷ್ಟ್ರು ಸಹಿ ಹಾಕಬೇಕಾಗಿದ್ದ ಸರ್ಟಿಫಿಕೇಟನ್ನು ಫೈಲಿನೊಳಗಿಟ್ಟು ದಾರ ಕಟ್ಟಿದರು. ಅತ್ತಿಗುಪ್ಪೆಗೆ ಹೇಳಿಕಳುಹಿಸಿದರು. ಅವನು ಬಂದ. ಇಬ್ಬರನ್ನೂ ಎದುರು ಬದುರು ನಿಲ್ಲಿಸಿದರು.

“ಗುಡ್ಡ ಹತ್ತಿದ್ಯೇನಪ್ಪಾ?”

“ಹತ್ತೀನ್ರೀ.”

“ಹಾಗಾದ್ರೆ ನಾನು ಯಾಕೆ ನಿಮ್ಮನ್ನ ನೋಡಲಿಲ್ಲ?” ಎಂದೆ ನಾನು.

“ನಾ ನಿಮ್ಮನ್ನ ನೋಡೀನ್ರೀ ಸರ. ಗುಡೀ ಮುಂದ ನಿಂತಿದ್ರಿ.”

“ಗುಡಿ ಮುಂದೆ ಎಲ್ಲರೂ ನಿಂತೇ ನಿಲ್ಲಬೇಕು. ಏನು ಮಾಡ್ತಾ ಇದ್ದೆ ನಾನು, ಹೇಳಿ.”

ಅವನು ಮೇಷ್ಟ್ರ ಮುಖ ನೋಡಿದ, ನನ್ನ ಮುಖ ನೋಡಿದ. “ಅದನ್ನ ಬಿಡ್ರೀ” ಎಂದ.

ನೋಡಿ ಸಾರ್, ಸಿಕ್ಕಿಬಿದ್ದ ಎನ್ನುವ ಹಾಗೆ ನಾನು ಮೇಷ್ಟ್ರ ಕಡೆ ತಿರುಗಿದೆ. ಗುಡಿಯ ಮುಂದೆ ನಿಂತು ಪೂಜಾರಿಯನ್ನೇ ಅಣಕಿಸುತ್ತಿದ್ದೆ ಎಂದು ಹಿರಿಯರ ಮುಂದೆ ಹೇಳಿ ನನ್ನ ಮಾನ ಕಳೆಯುವುದು ಅವನಿಗೆ ಬೇಡವಾಗಿತ್ತು. ಇದು ಇಂದು ನನಗೆ ಗೊತ್ತು. ಆಗ ಗೊತ್ತಿದ್ದದ್ದು ಇಷ್ಟೇ: ಉತ್ತರವಿಲ್ಲದವನು ಬಿಡಿ ಎನ್ನುತ್ತಾನೆ.

“ಮತ್ತೆ ವಿಭೂತಿ ಯಾಕೆ ಅಳಿಸಲಿಲ್ಲ?” ಎಂದರು ಮೇಷ್ಟ್ರು.

“ನೀರಾಗ ಕಲಸಿ ಹಚ್ಚಿದ್ರ ಒಣಗಿ ಹಿಡಕೊಂತೈತ್ರೀ. ಒಣಾ ವಿಭೂತಿ ಬೆವರಿಗೆ ಹೋಗತೈತಿ.”

“ಎಷ್ಟು ಚೆನ್ನಾಗಿ ಗೊತ್ತಿದೆ ನೋಡಿ ಇವರಿಗೆ” ಎಂದೆ.

ಅವನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಿಟ್ಟಿನಲ್ಲೂ ಧ್ವನಿ ಏರಲಿಲ್ಲ. “ಮಾಸ್ತರ, ನಾಳೆ ಗುಡಿಗೇ ಹೋಗೂಣು. ಅಯ್ಯಾರನ್ನs ಕೇಳ್ರಿ. ಇಲ್ಲಂದ್ರ ಕಾಗದ ಹರದ ಹಾಕ್ರಿ, ನಾ ಊರಿಗೆ ಹೋಗ್ತೀನಿ. ನಾಡದು ಮಂಗಳವಾರ ಐತಿ, ಅಷ್ಟು ನೆನಪಿರಲಿ.”

ಸೋಮವಾರ ಬೆಳಿಗ್ಗೆ ಮೇಷ್ಟ್ರ ಸ್ಕೂಟರಿನ ಹಿಂದೆ ಫೈಲು ತಬ್ಬಿಕೊಂಡು ಕೂತು ಹೋದೆ. ನಾವು ತಲುಪುವಷ್ಟರಲ್ಲಿ ಅವನ ಸೈಕಲ್ಲು ಗುಡ್ಡದ ಬುಡದಲ್ಲಿತ್ತು. ಅಂದು ಬೆಳಿಗ್ಗೆ ಕಾರ್ಖಾನೆಯ ಗೇಟಿಗೂ ಹೋಗಿರಲಿಲ್ಲ ಎಂದಾಯಿತು. ಮೇಷ್ಟ್ರು ಹದಿನೈದು ಮೆಟ್ಟಿಲಿಗೊಮ್ಮೆ ಕೂರುತ್ತಿದ್ದರು. ಅವನು ಮೇಲಿನಿಂದ ಇಳಿದು ಬಂದು ಅವರ ಕೈ ಹಿಡಿದು ಹತ್ತಿಸಿದ. ಮುದುಕರೊಬ್ಬರನ್ನು ಎಳೆದುಕೊಂಡು ಹತ್ತುವಾಗಲೂ ಅವನ ಉಸಿರು ನನ್ನ ಉಸಿರಿಗಿಂತ ಮೆತ್ತಗಿತ್ತು. ಆಗಲಾದರೂ ನಾನು ಸುಮ್ಮನಾಗಬಹುದಾಗಿತ್ತು. ರಾತ್ರಿ ಬಂದು ಅಯ್ಯನವರಿಗೆ ಹೇಳಿಕೊಟ್ಟಿದ್ದಾನೆಯೇ ಎಂದು ಯೋಚಿಸುತ್ತಿದ್ದೆ.

ಅಯ್ಯನವರು ಗುಡಿಯ ಜಗುಲಿ ಗುಡಿಸುತ್ತಿದ್ದರು. ಮೇಷ್ಟ್ರು ಉಸಿರು ಸುಧಾರಿಸಿಕೊಂಡು ಕೇಳಿದರು: “ಸ್ವಾಮಿ, ನಿನ್ನೆ ಓಡೋರಿಗೆಲ್ಲ ವಿಭೂತಿ ಇಟ್ರಲ್ಲ, ಈ ಹುಡುಗ ಬಂದಿದ್ನಾ?”

ಅಯ್ಯನವರು ಪೊರಕೆ ಕೆಳಗಿಟ್ಟು ಅವನನ್ನು ನೋಡಿದರು.

“ಎಲ್ರೂ ಒಂದೇ ತರ ಕಾಣ್ತಿದ್ರು ಸ್ವಾಮಿ, ಬಾಯಿ ಬಿಟ್ಕೊಂಡು. ಇವ್ನು ಗೆಪ್ತಿ ಅವ್ನೆ. ನೀರಾಕಿ ಕಲಸಿ ಇಡ್ರಿ ಅಂತ ತಲೆ ಬಗ್ಗಿಸ್ದ. ನಂಗೂ ಪುರುಸೊತ್ತಿತ್ತು, ಮೂರು ಬೆಳ್ಳಲ್ಲಿ ಸರ್ಯಾಗಿ ಎಳ್ದೆ.”

“ಪುರುಸೊತ್ತು ಹೇಗೆ ಬಂತು?” ಎಂದು ನಾನು ಬಾಯಿ ಹಾಕಿದೆ. “ನಾನು ಬಂದ್ ಕೂಡ್ಲೇ ಹೋದೆ. ಇವರು ನನ್ನ ಹಿಂದೆ ಇದ್ರು. ನನ್ನ ದಾಟಿ ಇವರು ಇಳಿದಿದ್ದು ಯಾವಾಗ?”

ಅಯ್ಯನವರು ನನ್ನ ಕಡೆ ತಿರುಗಿದರು. ನನ್ನ ಗುರುತು ಹಿಡಿಯಲು ಅವರಿಗೆ ಹೊತ್ತೇ ಬೇಕಾಗಲಿಲ್ಲ.

“ಓ, ನೀನಾ. ನೀನು ಎಂಗುಸ್ರ ಮುಂದೆ ಕಣ್ಮುಚ್ಕೊಂಡು ಮಂತ್ರ ಯೋಳ್ತಿದ್ದಲ್ಲ, ಆಗ ನಿನ್ನ ಬೆನ್ನಿಂದ್ಲಿಂದ ಬಂದ, ವಿಭೂತಿ ಇಕ್ಕುಸ್ಕೊಂಡ, ಕೈ ಮುಗ್ದ, ಇಳ್ದೋದ. ನೀನು ಎಲ್ಡನೇ ಕಿತ ಸುರು ಮಾಡಿದ್ದೆ.”

ಮೇಷ್ಟ್ರು ಜಗುಲಿಯ ಮೇಲೆ ಕೂತು ಫೈಲಿನ ದಾರ ಬಿಚ್ಚಿದರು. ಸರ್ಟಿಫಿಕೇಟನ್ನು ತೊಡೆಯ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದರು. ಬದಲಿಯವನು ಅವರ ಪೆನ್ನನ್ನು ನೋಡುತ್ತಿರಲಿಲ್ಲ. ದೂರದ ಮೈಸೂರು ರಸ್ತೆಯ ಕಡೆ ಮುಖ ಮಾಡಿ, ಬೆನ್ನ ಹಿಂದೆ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಸಹಿ ಬಿದ್ದ ಸದ್ದಿಗೆ ಆ ಕೈಗಳು ಸಡಿಲವಾದವು.

ನನ್ನ ಬಾಯಿ ಮಾತ್ರ ಇನ್ನೂ ಸೋಲಲು ಒಪ್ಪಿರಲಿಲ್ಲ.

“ಅಯ್ನೋರೇ, ತಮಾಷೆಗೆ ಅರ್ಧ ನಿಮಿಷ ನಿಮ್ಮ ಹಾಗೆ ಮಾತಾಡ್ದೆ, ಅಷ್ಟೇ ತಾನೆ?”

ಅಯ್ಯನವರು ಪೊರಕೆ ಎತ್ತಿಕೊಂಡು ಮತ್ತೆ ಗುಡಿಸತೊಡಗಿದರು. ನಾನು ನಿಂತಿದ್ದ ಜಾಗಕ್ಕೆ ಬಂದಾಗ ತಲೆಯೆತ್ತದೆ ಹೇಳಿದರು:

“ನನ್ನಂಗೆ ಮಾತಾಡಕ್ಕೆ ನಾನಿದ್ನಲ್ಲಪ್ಪಾ. ನೀನು ಬಂದಿದ್ದು ಓಡಕ್ಕೆ ತಾನೆ?”